ಜಪಾನ್ ಬಟ್ಟಲಿನ ಕರಿ ಚೂರು

ಬಟ್ಟಲು ಹೊಸ್ತಿಲಿನ ಕಲ್ಲಿಗೆ ಬಿದ್ದು ಒಡೆದಾಗ ಮಲ್ಲಿಗಮ್ಮನವರು ಕೂಗಲಿಲ್ಲ. ಕಾಲಿಗೆ ಅಡ್ಡ ಬಂದ ಬೆಕ್ಕನ್ನೂ ಬೈಯಲಿಲ್ಲ. ಕಾಫಿ ಕಲ್ಲಿನ ಮೇಲೆ ಹರಿದು ಮಣ್ಣಿಗೆ ಇಳಿಯುವುದನ್ನು ನೋಡುತ್ತ ನಿಂತರು. ಕೂಗಿದ್ದು ಅವರ ಸೊಸೆ ಕವಿತಕ್ಕ.

“ಅಯ್ಯೋ, ಯಾರ ಕಣ್ಣು ಬಿತ್ತೋ!”

ಅಡುಗೆಮನೆಯಿಂದ ಓಡಿಬಂದವರೇ ಎಲ್ಲಕ್ಕಿಂತ ದೊಡ್ಡ ಚೂರನ್ನು ಎತ್ತಿಕೊಂಡರು. ಅತ್ತೆಯ ತಲೆಯಿಂದ ಕಾಲಿನವರೆಗೆ ನಿವಾಳಿಸಿದರು. ಅದಕ್ಕೆ ಥೂ ಥೂ ಎಂದು ಉಗಿದು, ಬೀದಿಗೆ ಹೋಗಿ, ಮೂರು ದಾರಿ ಕೂಡುವ ಕಡೆ ಎಸೆದು, ಹಿಂದಕ್ಕೆ ತಿರುಗಿ ನೋಡದೆ ಬಂದರು. ಕೆಟ್ಟ ಕಣ್ಣಿನಿಂದ ಒಡೆದದ್ದಾದರೆ ಒಡೆದದ್ದರ ಜೊತೆಗೇ ಆ ಕಣ್ಣೂ ಮನೆಯಿಂದ ಹೊರಗೆ ಹೋಗಬೇಕು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು. ಕವಿತಕ್ಕ ತಪ್ಪು ಮಾಡಿದರು ಎಂದು ಆ ಹೊತ್ತಿನಲ್ಲಿ ಯಾರಿಗೂ ಅನ್ನಿಸಲಿಲ್ಲ.

ನಾನು ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದೆ. ಕೊಪ್ಪದ ಹತ್ತಿರದ ಈ ಹಳ್ಳಿಯಲ್ಲಿ ಅವರದು ದೊಡ್ಡ ಗೌಡರ ಮನೆ. ನಾನು ಅವರ ರೇಷ್ಮೆ ಹುಳದ ಮನೆಗೆ ಕೆಲಸಕ್ಕೆ ಹೋಗುವವಳು. ಹೆಸರು ಶಶಿರೇಖಾ, ಅವರೆಲ್ಲ ಶಶಿ ಎನ್ನುತ್ತಾರೆ. ಎಂಟನೇ ತರಗತಿಯ ವರ್ಷ ನಮ್ಮವ್ವ ತೀರಿಕೊಂಡ ಮೇಲೆ ಶಾಲೆ ಬಿಟ್ಟೆ. ಅಂದಿನಿಂದ ಹುಳಕ್ಕೆ ಸೊಪ್ಪು ಹಾಕುವುದೇ ನನ್ನ ಕೆಲಸ. ಹುಳಗಳ ನಡುವೆ ಮಾತು ಬೇಕಾಗುವುದಿಲ್ಲ. ಅದು ನನಗೆ ಹಿಡಿಸಿತ್ತು.

ಆ ಬಟ್ಟಲು ಜಪಾನಿನದು. ನಾನು ಹುಟ್ಟುವುದಕ್ಕೂ ಮೊದಲು, ಬಿಳಿ ಗೂಡು ಕಟ್ಟುವ ಹುಳ ಸಾಕುವುದನ್ನು ಕಲಿಸಲು ಆ ದೇಶದಿಂದ ಒಬ್ಬರು ಬರುತ್ತಿದ್ದರಂತೆ. ಊರಿನವರು ಅವರನ್ನು ಜಪಾನ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಗಂಡಸರೆಲ್ಲ ಕೈಕಟ್ಟಿ ಮುಂದೆ ನಿಂತು ಪಾಠ ಕೇಳುತ್ತಿದ್ದರೆ, ಮೇಷ್ಟ್ರು ಒಂದು ದಿನ “ಸೊಪ್ಪು ಹಾಕೋರು ಯಾರು?” ಎಂದು ಕೇಳಿದರಂತೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಬಾಗಿಲ ಹಿಂದೆ ನಿಂತಿದ್ದ ಮಲ್ಲಿಗಮ್ಮನವರನ್ನು ಮುಂದಕ್ಕೆ ಕರೆಸಿ, ಅಲ್ಲಿಂದಾಚೆ ಪಾಠವನ್ನೆಲ್ಲ ಅವರಿಗೇ ಹೇಳಿದರಂತೆ. ಊರು ಬಿಡುವಾಗ ಈ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ತಂದು ಗೌಡರಿಗೆ ಕೊಡದೆ ಅವರ ಹೆಂಡತಿಗೆ ಕೊಟ್ಟರಂತೆ. ಆ ಮನೆಯಲ್ಲಿ ಹೊಲ, ಮನೆ, ಹಸು ಎಲ್ಲ ಗೌಡರ ಹೆಸರಿನಲ್ಲಿತ್ತು, ಈಗ ಮಗ ಪುಟ್ಟರಾಜಣ್ಣನ ಹೆಸರಿನಲ್ಲಿದೆ. ಬಟ್ಟಲು ಮಾತ್ರ ಮಲ್ಲಿಗಮ್ಮನವರದು. ಬೆಳಗಿನ ಕಾಫಿಯನ್ನು ಅದರಲ್ಲೇ, ಹುಳದ ಮನೆಯ ಜಗಲಿಯ ಮೇಲೆ ಕೂತು ಕುಡಿಯುತ್ತಿದ್ದರು. ಬೂದಿ ಬಣ್ಣ, ಒಳಗೆ ಮಳೆಗಾಲದ ಮೋಡದ ಹಾಗೆ ನೀಲಿ. ತೊಳೆಯುವುದಕ್ಕೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ನನ್ನ ಸ್ಟೀಲ್ ಲೋಟ ಹುಳದ ಮನೆಯ ಗೋಡೆಯ ಗೂಡಿನಲ್ಲಿರುತ್ತದೆ. ನಾವು ಊರ ಹೊರಗಿನ ಕೇರಿಯವರು. ಕವಿತಕ್ಕ ಮೇಲಿನಿಂದ ಕಾಫಿ ಹುಯ್ಯುತ್ತಾರೆ. ನಾನು ಕುಡಿದು ತೊಳೆದು ಬೋರಲು ಹಾಕುತ್ತೇನೆ. ಹಾಗೆ ಮಾಡು ಎಂದು ಯಾರೂ ನನಗೆ ಹೇಳಿರಲಿಲ್ಲ.

ಚೂರುಗಳನ್ನೆಲ್ಲ ಆಯ್ದು ಜೋಡಿಸಿ ನೋಡಿದಾಗ ಬಾಯಿಯ ಹತ್ತಿರದ್ದೊಂದು ಚೂರು ಇರಲಿಲ್ಲ. “ಆ ಚೂರೆಲ್ಲೆ ಕವಿತಾ?” ಎಂದರು ಮಲ್ಲಿಗಮ್ಮನವರು. ಕವಿತಕ್ಕ ನಾಲಿಗೆ ಕಚ್ಚಿಕೊಂಡರು. ಮಲ್ಲಿಗಮ್ಮನವರು ನನ್ನ ಕಡೆ ನೋಡಿ ಬೀದಿಗೆ ನಡೆದರು, ನಾನು ಹಿಂದೆ ಹೋದೆ. ಮೂರು ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಆಗಷ್ಟೇ ಹಾದುಹೋಗಿತ್ತು. ಟೈರಿನ ಗುರುತಿನಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣಗೆ ಬೂದಿ ಬಣ್ಣದ ಪುಡಿ. ಮಲ್ಲಿಗಮ್ಮನವರು ಕುಕ್ಕರಗಾಲಿನಲ್ಲಿ ಕೂತು ಅದನ್ನು ಬೆರಳಿನಿಂದ ಮುಟ್ಟಿದರು.

“ಓಯ್ತು ಕಣಮ್ಮಿ,” ಎಂದರು. ಅಷ್ಟೇ.

ಅಂದಿನಿಂದ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರೆ ಅರ್ಧ ಕುಡಿದು ಅರ್ಧವನ್ನು ಬೆಕ್ಕಿಗೆ ಹುಯ್ಯುತ್ತಿದ್ದರು. ಬೆಕ್ಕಿಗೂ ಅದು ಬೇಕಿರಲಿಲ್ಲ.

ಮೊಮ್ಮಗಳು ದೀಪಿಕಕ್ಕ ಮೈಸೂರಿನಲ್ಲಿ ಮಣ್ಣಿನ ಪಾತ್ರೆ ಮಾಡುವುದನ್ನು ಓದುತ್ತಾಳೆ. ಅದನ್ನೂ ಓದಬೇಕೇ ಎಂದು ಊರೆಲ್ಲ ನಕ್ಕಿತ್ತು. ನನಗಿಂತ ಒಂದು ವರ್ಷ ದೊಡ್ಡವಳು, ಬಾಯಿ ಮಾತ್ರ ನಾಲ್ಕು ಜನಕ್ಕಾಗುವಷ್ಟು. ರಜೆಗೆ ಬಂದವಳು ಟವೆಲಿನಲ್ಲಿ ಕಟ್ಟಿಟ್ಟಿದ್ದ ಚೂರುಗಳನ್ನು ಬಿಚ್ಚಿ ನೋಡಿ ಕುಣಿದಳು.

“ಅಜ್ಜಿ, ಇದನ್ನ ಕೂಡಿಸ್ತೀನಿ! ಕಿಂತ್ಸುಗಿ ಅಂತ. ಜಪಾನಿನೋರು ಒಡೆದ ಪಾತ್ರೇನ ಚಿನ್ನ ಹಾಕಿ ಕೂಡಿಸ್ತಾರೆ. ನಮಗೆ ಕಾಲೇಜಲ್ಲಿ ಕಲಿಸಿದಾರೆ.”

“ಅದೆಂತದೇ ಸುಗ್ಗಿ?”

“ಸುಗ್ಗಿ ಅಲ್ಲಜ್ಜಿ, ಸುಗಿ.”

“ಮಣ್ಣಿಗೆ ಚಿನ್ನ ಬಳೀತೀಯಾ? ಅದ್ರಲ್ಲಿ ನಂಗೊಂದು ಮೂಗ್ಬಟ್ಟು ಮಾಡ್ಸ್ಕೊಡು.”

“ನಿನ್ನ ಮೂಗಿಗೆ ಸಾಲಲ್ಲ ಬಿಡಜ್ಜಿ, ಅಷ್ಟು ದೊಡ್ಡದು,” ಎಂದಳು ದೀಪಿಕಕ್ಕ. ಎಷ್ಟೋ ದಿನದ ಮೇಲೆ ಮಲ್ಲಿಗಮ್ಮನವರು ನಕ್ಕರು.

ಕವಿತಕ್ಕನಿಗೆ ಮಾತ್ರ ಸಮಾಧಾನವಿಲ್ಲ. “ಬಿನ್ನ ಆಗಿರಾದು ಮನೇಲಿ ಇಡಬಾರ್ದು ಕಣೇ. ದೇವ್ರೇ ಮುಕ್ಕಾದ್ರೆ ಒಳೆಗೆ ಬುಡ್ತಾರೆ.”

“ಜಪಾನಿನೋರು ಮುಚ್ಚಿಡಲ್ಲಮ್ಮ. ಒಡೆದ ಕಡೆಗೇ ಚಿನ್ನ ಹಾಕಿ, ನೋಡಿ, ಇಲ್ಲೇ ಒಡೆದಿತ್ತು ಅಂತ ತೋರಿಸ್ತಾರೆ.”

ಸೊಪ್ಪಿನ ಪುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಆ ಮಾತನ್ನು ಕೇಳಿ ಅಲ್ಲೇ ನಿಂತೆ. ನಮ್ಮಲ್ಲಿ ಕೊಡ ಸೋರಿದರೆ ಟಾರು ಮೆತ್ತುತ್ತೇವೆ, ಮೆತ್ತಿದ ಕಡೆಯನ್ನು ಗೋಡೆಗೆ ತಿರುಗಿಸಿ ಇಡುತ್ತೇವೆ. ಒಡಕನ್ನು ಬೆಳಗಿಸಿ ಎದುರಿಗೆ ಇಡುವ ಜನವೂ ಭೂಮಿಯ ಮೇಲೆ ಇದ್ದಾರೆಯೇ?

“ಪುಡಿ ಆಗೋದ ಚೂರಿಗೆ ಏನ್ ಮಾಡೀಯೆ?” ಎಂದು ಮಲ್ಲಿಗಮ್ಮನವರು ಕೇಳಿದರು.

“ಅದಕ್ಕೂ ದಾರಿ ಇದೆ. ನೀನು ಕೇಳಬೇಡ, ಆದಮೇಲೆ ತೋರಿಸ್ತೀನಿ.”

ಆ ದಾರಿಯನ್ನು ನನಗೆ ಹೇಳಿದ್ದು ಅಂಗಳದಲ್ಲಿ. ಕಳೆದ ಚೂರಿನ ಜಾಗಕ್ಕೆ ಬೇರೆ ಮಡಕೆಯ ಚೂರನ್ನು ತಂದು ಕೂಡಿಸುತ್ತಾರಂತೆ. ಕರೆದು ಸೇರಿಸುವುದು ಎಂದೇ ಅವರ ಮಾತಿನಲ್ಲಿ ಅದಕ್ಕೆ ಹೆಸರಂತೆ. “ನಮ್ಮ ಮನೇಲಿ ಬರೀ ಸ್ಟೀಲು, ಪ್ಲಾಸ್ಟಿಕ್ಕು. ನಿಮ್ಮಜ್ಜಿ ಹತ್ರ ಹಳೇ ಕರೀ ಗಡಿಗೆ ಇತ್ತಲ್ಲ ಶಶಿ, ಒಡೆದಿದ್ದು? ಈ ಬೂದಿ ಬಣ್ಣಕ್ಕೆ ಕಪ್ಪು, ನಡುವೆ ಚಿನ್ನ. ಆಹಾ! ಒಂದು ಚೂರು ತಂದ್ಕೊಡೆ.”

ಅವಳ ಕಣ್ಣಿಗೆ ಬಣ್ಣವಷ್ಟೇ ಕಂಡಿತ್ತು. ಚೂರು ಹೋಗಿ ಕೂರಬೇಕಾದ ಜಾಗ ನನಗೆ ಕಂಡಿತು. ಅದು ಬಟ್ಟಲಿನ ಬಾಯಂಚು, ಮಲ್ಲಿಗಮ್ಮನವರ ತುಟಿ ತಗಲುವ ಕಡೆ.

ನಮ್ಮಜ್ಜಿ ದೇವೀರಮ್ಮ ಹಿತ್ತಲಿನಲ್ಲಿ ಕೋಳಿಗೆ ನುಚ್ಚು ಎರಚುತ್ತಿತ್ತು. ವಿಷಯ ಹೇಳಿದೆ. ಕೋಳಿ ನೀರು ಕುಡಿಯುತ್ತಿದ್ದ, ಆ ಗಡಿಗೆಯ ಕರೀ ಓಡನ್ನು ನೋಡಿ, ನನ್ನನ್ನು ನೋಡಿ, ಕೆಮ್ಮು ಬರುವವರೆಗೂ ನಕ್ಕಿತು.

“ಕೋಳಿ ಕುಡ್ಯಾ ಬೋಕಿಯಾ ಗೌಡ್ತವ್ವನ ಬಾಯಿಗೆ! ಅಯ್ಯೋ ಮುತ್ತತ್ತಿರಾಯ!”

ನಮ್ಮ ಮನೆಯ ಗೋಡೆಯ ಮೇಲೆ ಚಿಕ್ಕಪ್ಪ ತಂದ ಬುದ್ಧನ ಫೋಟೋ ಇದೆ. ಅದರ ಪಕ್ಕದಲ್ಲಿ ಅಜ್ಜಿ ಬಿಡದೆ ಇಟ್ಟುಕೊಂಡಿರುವ ಮುತ್ತತ್ತಿಯ ಆಂಜನೇಯ. ನಗುವಿಗೂ ಅಳುವಿಗೂ ಅಜ್ಜಿಯ ಬಾಯಿಗೆ ಬರುವುದು ಆ ಹೆಸರೇ. ನಗು ನಿಂತ ಮೇಲೆ ಓಡನ್ನು ತೊಳೆದು ಸೆರಗಿನಲ್ಲಿ ಒರೆಸಿತು.

“ಇದು ಬಾವಿ ಗಡುಗೆ ಕಣಮ್ಮಿ. ನಮ್ಮತ್ತೇದು. ತಕ್ಕೊಂಡೋಗು. ಆದ್ರೆ ಆಯಮ್ಮ ಬಾಯಿಗೆ ಇಟ್ಕಳಾಕ್ ಮುಂಚೆ ಇದು ಯಾರ ಮನೇದು ಅಂತ ಯೋಳ್ಬೇಕು.”

“ನಾನಾ?”

“ಇನ್ಯಾರು, ಕೋಳಿ ಯೋಳ್ತದಾ? ನಮ್ಮ ಗಡುಗೆ ಕದ್ದು ಯಾರ ಮನೆಗೂ ಓಗಿಲ್ಲ. ಯೋಳಾಕ್ ಆಗ್ದಿದ್ರೆ ಇಲ್ಲೇ ಇಡು, ಕೋಳಿ ಕುಡ್ಕಳ್ಳಿ.”

ಹೇಳುತ್ತೇನೆ ಎಂದೆ. ಓಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದೆ. ದೀಪಿಕಕ್ಕನಿಗೆ ಅಜ್ಜಿಯ ಮಾತು ತಿಳಿಸಿದಾಗ ಅವಳ ಮುಖ ಬದಲಾಯಿತು. ಆಗಷ್ಟೇ ಅವಳಿಗೂ ಹೊಳೆದದ್ದು.

“ಹೇಳ್ಬೇಡ ಕಣೇ,” ಎಂದಳು. “ನಾನು ಇದನ್ನೆಲ್ಲ ನಂಬಲ್ಲ, ನಿನಗೇ ಗೊತ್ತು. ಅಜ್ಜಿಗೆ ವಯಸ್ಸಾಗಿದೆ. ಹೇಳಿದ್ರೆ ಮುಟ್ಟಲ್ಲ. ಅಷ್ಟು ಕೆಲಸ ಮಾಡಿ, ಆಮೇಲೆ ಬಟ್ಟಲು ಅಟ್ಟ ಸೇರೋದಾ?”

ನಾನು ಓಡನ್ನು ಅವಳ ಮುಂದೆ ಇಟ್ಟೆ.

ಅವಳು ಓಡನ್ನು ಉಜ್ಜಿ ಉಜ್ಜಿ ಅಂಚಿಗೆ ಹೊಂದಿಸಿದಳು. ಚೂರು ಕೂಡಿಸುವ ಅಂಟು ಒಂದು ಮರದ ಹಾಲು, ಜಪಾನಿನದೇ. ಟ್ಯೂಬಿನಿಂದ ತೆಗೆದು ಗೋಧಿ ಹಿಟ್ಟಿನ ಜೊತೆ ಕಲಸಿದಾಗ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಅವಳ ಕೈಗೆ ರಬ್ಬರ್ ಗ್ಲೌಸ್ ಇತ್ತು. ನನ್ನ ಮಣಿಕಟ್ಟಿಗೆ ಒಂದು ತೊಟ್ಟು ತಗುಲಿ ಮಾರನೆಯ ದಿನ ದದ್ದು ಎದ್ದಿತು. ಮಲ್ಲಿಗಮ್ಮನವರು ನೋಡಿ, “ಗೇರುಕಾಯಿ ಆಲು ತಗ್ಲಿದಂಗದೆ ಕಣಮ್ಮಿ, ಕೊಬ್ರಿ ಎಣ್ಣೆ ಅಚ್ಕೊ” ಎಂದು ಒಳಗಿನಿಂದ ಬಾಟಲಿ ತಂದು ಜಗಲಿಯ ಮೇಲೆ ಇಟ್ಟರು. ನಾನು ಎತ್ತಿಕೊಂಡು ಹಚ್ಚಿಕೊಂಡೆ.

ಕೂಡಿಸಿದ ಬಟ್ಟಲಿಗೆ ಸುತ್ತಲೂ ಪಟ್ಟಿ ಸುತ್ತಿ ದೀಪಿಕಕ್ಕ ಸ್ನಾನಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಅದು ಮೇಜಿನ ಮೇಲಿಲ್ಲ.

“ಬೇಗ ಒಣಗ್ಲಿ ಅಂತ ಮಾಳಿಗೆ ಮ್ಯಾಲೆ ಇಟ್ಟಿವ್ನಿ ಕಣೇ,” ಎಂದರು ಕವಿತಕ್ಕ. ಚೂರು ಎಸೆದ ಬೇಸರ ಅವರಿಗೂ ಇತ್ತು, ತಮ್ಮಿಂದಾದ ಸಹಾಯ ಮಾಡಿದ್ದರು. ಮೇಲೆ ಹೋಗಿ ನೋಡಿದರೆ ಸಂಡಿಗೆ ಹರಡಿದ ಸೀರೆಯ ಪಕ್ಕದಲ್ಲಿ, ಉರಿಬಿಸಿಲಿನಲ್ಲಿ ಬಟ್ಟಲು ಕೂತಿದೆ. ಪಟ್ಟಿಯ ಸಂದಿನಿಂದ ಅಂಟು ಜಾರಿ ಇಳಿಯುತ್ತಿದೆ.

“ಅಮ್ಮಾ! ಇದು ಬಿಸಿಲಿಗೆ ಒಣಗಲ್ಲ!”

“ಬಿಸ್ಲಿಗೆ ಒಣಗ್ದಿರಾದು ಯಾವ್ದೇ ಪರಪಂಚದಲ್ಲಿ?”

ನಮಗೆ ಆ ಪ್ರಶ್ನೆ ಸರಿಯಾಗಿಯೇ ಕಂಡಿತು. ಭತ್ತ, ರಾಗಿ, ಬೆರಣಿ, ಹಪ್ಪಳ, ಮಗುವಿನ ತಲೆಗೂದಲು, ಎಲ್ಲವೂ ನಮ್ಮಲ್ಲಿ ಒಣಗುವುದು ಬಿಸಿಲಿಗೆ. ಇದೊಂದು ಮಾತ್ರ ತೇವದಲ್ಲೇ ಗಟ್ಟಿಯಾಗುವ ಅಂಟಂತೆ. ಗಾಳಿಯಲ್ಲಿ ನೀರಿನಂಶ ಇರಬೇಕು, ಬೆಚ್ಚಗಿರಬೇಕು, ಬಿಸಿ ಇರಬಾರದು, ಧೂಳು ಇರಬಾರದು. ಜಪಾನಿನಲ್ಲಿ ಅದಕ್ಕೇ ಬೇರೆ ಪೆಟ್ಟಿಗೆ ಮಾಡಿಟ್ಟುಕೊಂಡಿರುತ್ತಾರೆ ಎಂದು ದೀಪಿಕಕ್ಕ ಅಳುವ ದನಿಯಲ್ಲಿ ವಿವರಿಸುತ್ತಿದ್ದಳು. ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದ ಮಲ್ಲಿಗಮ್ಮನವರು ನಡುವೆಯೇ ಕೇಳಿದರು.

“ತೇವ ಎಷ್ಟಿರ್ಬೇಕಂತೆ?”

“ಎಂಬತ್ತರ ಹತ್ರ.”

“ಕಾವು?”

“ಇಪ್ಪತ್ತೈದು ಇದ್ರೆ ಸಾಕು.”

ಮಲ್ಲಿಗಮ್ಮನವರು ಗೋಡೆ ಹಿಡಿದುಕೊಂಡರು. “ಉಳಕ್ಕೂ ಅಷ್ಟೇ ಅಲ್ವೇನೇ! ಜಪಾನ್ ಮೇಷ್ಟ್ರು ನನ್ನ ಕೈಲಿ ದಿನಾ ಅದ್ನೇ ಓದಿಸ್ತಿದ್ರಲ್ಲ! ಎಂಬತ್ತು, ಇಪ್ಪತ್ತೈದು!”

ಎಳೆಯ ಹುಳ ಕೇಳುವ ಗಾಳಿಯನ್ನೇ, ಒಡೆದ ಮಣ್ಣನ್ನು ಕೂಡಿಸುವ ಹಾಲೂ ಕೇಳುತ್ತಿದೆ. ಮಲ್ಲಿಗಮ್ಮನವರು ಒದ್ದೆ ಗೋಣಿ, ಒದ್ದೆ ಮರಳು ಇಟ್ಟು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಆ ಗಾಳಿಯನ್ನೇ.

ಎಳೆ ಹುಳದ ಕೋಣೆ ಈಗ ಖಾಲಿ. ಈಚೆಗೆ ಹೊರಗೆ ಬೆಳೆಸಿದ ಹುಳವನ್ನೇ ಕೊಂಡು ತರುವುದರಿಂದ ಅಲ್ಲಿ ಬರೀ ತಟ್ಟೆಗಳಿವೆ. ದೀಪಿಕಕ್ಕ ಜಾರಿದ ಅಂಟನ್ನು ಒರೆಸಿ ಚೂರುಗಳನ್ನು ಮತ್ತೆ ಕೂಡಿಸಿದಳು. ನಾನು ಕೋಣೆಯನ್ನು ತೊಳೆದು, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆ. ಬಟ್ಟಲನ್ನು ಮೊದಲ ದಿನದ ಹುಳದಂತೆ ತಟ್ಟೆಯ ನಡುವೆ ಇಟ್ಟೆವು. “ಸುಮ್ಸುಮ್ನೆ ಬಾಗ್ಲು ತೆಗೀಬೇಡಿ,” ಎಂದು ಮಲ್ಲಿಗಮ್ಮನವರು ಎಲ್ಲರಿಗೂ ಹೇಳಿದರು. ಆ ನಿಯಮವನ್ನು ತಾವೂ ಮುರಿಯಲಿಲ್ಲ.

ದೀಪಿಕಕ್ಕ ಕಾಲೇಜಿಗೆ ಹೋಗಿ ವಾರದ ಕೊನೆಗೆ ಬಸ್ಸಿನಲ್ಲಿ ಬರುತ್ತಿದ್ದಳು. ನಡುವಿನ ದಿನಗಳಲ್ಲಿ ಗೋಣಿಗೆ ನೀರು ಚಿಮುಕಿಸುವುದು ನನ್ನ ಪಾಲಿನದು. ಬಾಗಿಲು ತೆರೆದಾಗಲೆಲ್ಲ ನೋಡುತ್ತಿದ್ದೆ. ಏನೂ ಆಗುತ್ತಿರುವಂತೆ ಕಾಣುತ್ತಿರಲಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಬೆಂಕಿಯಿಲ್ಲ. ಹಾಗಿದ್ದೂ ಒಂದು ಬೆಳಿಗ್ಗೆ ಕೈಯಲ್ಲಿ ಹಿಡಿದರೆ ಅದು ಚೂರುಗಳ ರಾಶಿಯಾಗಿರಲಿಲ್ಲ. ಬೆರಳಿನಿಂದ ತಟ್ಟಿದೆ, ಒಂದೇ ದನಿ ಬಂತು. ನಮ್ಮ ಹಿತ್ತಲಿನ ಓಡು ಆ ದೇಶದ ಮಣ್ಣಿನ ಜೊತೆ ಸೇರಿ ಒಂದೇ ದನಿ ಕೊಟ್ಟಿತು. ಯಾರಾದರೂ ನೋಡಿದರೇನೋ ಎಂಬಂತೆ ಬೇಗ ಇಟ್ಟು ಹೊರಗೆ ಬಂದೆ.

ಚಿನ್ನ ಹಾಕಿದ್ದು ಒಂದು ಭಾನುವಾರ. ದೀಪಿಕಕ್ಕ ಒಡಕುಗಳ ಮೇಲೆ ಕೂದಲಿನಷ್ಟು ಸಣ್ಣ ಕುಂಚದಿಂದ ಕೆಂಪು ಗೆರೆ ಎಳೆದಳು. ಅದು ಅರೆ ಒಣಗುವವರೆಗೆ ಕಾಯಬೇಕು. ಪೂರ್ತಿ ಹಸಿಯಾದರೆ ಚಿನ್ನ ಮುಳುಗುತ್ತದೆ, ಪೂರ್ತಿ ಒಣಗಿದರೆ ಕೂರುವುದಿಲ್ಲ. ಗಂಟೆಗೊಮ್ಮೆ ಬಾಯಿಂದ ಹಬೆ ಊದಿ, ಗೆರೆ ಮಸುಕಾಗುತ್ತದೆಯೇ ಎಂದು ನೋಡುತ್ತಿದ್ದಳು.

“ಈಗ ರೇಷ್ಮೆ ಬೇಕು,” ಎಂದಳು. “ಸೀರೆ ಅಲ್ಲ. ಗೂಡಿನ ಮೇಲೆ ಜಾಳು ಜಾಳಾಗಿ ಇರುತ್ತಲ್ಲ, ಅದು. ಅಲ್ಲಿನೋರೂ ಚಿನ್ನ ಹಾಕೋದು ರೇಷ್ಮೆಯಿಂದಲೇ.”

ಗೂಡು ಬಿಡಿಸುವಾಗ ಬೆರಳಿಗೆ ಅಂಟಿಕೊಂಡು ಕಾಟ ಕೊಡುವ ಜಾಳು ರೇಷ್ಮೆ ಅದು. ಸೀರೆಗೆ ಒರೆಸಿಕೊಂಡು ಮರೆತುಬಿಡುತ್ತೇವೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೂಲೆಯಲ್ಲಿ ಉಳಿದಿದ್ದದ್ದನ್ನು ಕಿತ್ತು ತಂದು ಅಂಗೈಯಲ್ಲಿ ಉಂಡೆ ಮಾಡಿದೆ. ದೀಪಿಕಕ್ಕ ಅದನ್ನು ನನ್ನ ಕೈಯಲ್ಲೇ ಬಿಟ್ಟಳು.

“ನೀನೇ ಹಾಕು. ಬೆಳಿಗ್ಗೆಯಿಂದ ಗೆರೆ ಎಳೆದು ನನ್ನ ಕೈ ಸೋತಿದೆ. ನಿನ್ನದು ಹುಳ ಎತ್ತೋ ಕೈ.”

ಕಾಗದದ ಪೊಟ್ಟಣದಲ್ಲಿದ್ದ ಚಿನ್ನ ನನಗೆ ಚಿನ್ನದ ಹಾಗೆ ಕಾಣಲಿಲ್ಲ. ಅರಿಶಿನಕ್ಕಿಂತ ಮಂಕು. ರೇಷ್ಮೆಯ ಉಂಡೆಯನ್ನು ಅದರಲ್ಲಿ ಒತ್ತಿ, ಉಸಿರು ಹಿಡಿದು, ಕೆಂಪು ಗೆರೆಯ ಮೇಲೆ ಮೆಲ್ಲಗೆ ತಟ್ಟಿದೆ. ಪುಡಿ ಎಲ್ಲ ಕಡೆ ಹರಡಿತು. ಕೆಡಿಸಿದೆ ಎಂದುಕೊಂಡೆ. “ಒರೆಸು,” ಎಂದಳು. ರೇಷ್ಮೆಯ ಇನ್ನೊಂದು ಬದಿಯಿಂದ ಸವರಿದೆ. ಬೇರೆ ಕಡೆಯ ಪುಡಿಯೆಲ್ಲ ಎದ್ದು ಹೋಯಿತು. ಒಡಕಿನ ಮೇಲೆ ಮಾತ್ರ ನಿಂತಿತು. ಎಲ್ಲೆಲ್ಲಿ ಒಡೆದಿತ್ತೋ ಅಲ್ಲಿ, ಅಲ್ಲಿ ಮಾತ್ರ, ಮಿಂಚು ಹೊಳೆದು ಹಾಗೇ ನಿಂತುಬಿಟ್ಟ ಹಾಗೆ.

ಒಡೆಯದ ಬಟ್ಟಲಿನಲ್ಲಿ ಇದಕ್ಕೆ ಜಾಗವೇ ಇರುತ್ತಿರಲಿಲ್ಲ. ಕರೀ ಚೂರಿನ ಸುತ್ತ ಗೆರೆ ಪೂರ್ತಿಯಾಯಿತು. ದೀಪಿಕಕ್ಕ ಬಾಗಿ ಹತ್ತಿರದಿಂದ ನೋಡಿದಳು. ನನಗೆ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಎಂದು ತಿಳಿಯಲಿಲ್ಲ.

ಆಮೇಲೆ ಅವಳೇ ಮೆಲ್ಲಗೆ ಅಂದಳು. “ಹೇಳ್ಬೇಡ ಶಶಿ. ನೋಡು, ಎಷ್ಟು ಚೆನ್ನಾಗಿದೆ.”

ಚಿನ್ನವೂ ಗಟ್ಟಿಯಾಗಿ, ದೀಪಿಕಕ್ಕ ಅದನ್ನು ತಿಕ್ಕಿ ಹೊಳಪು ಬರಿಸಿ, ತೊಳೆದು, ಇನ್ನು ಬಳಸಬಹುದು ಎಂದ ದಿನ ಬೆಳಿಗ್ಗೆ ಮಲ್ಲಿಗಮ್ಮನವರು ತಲೆ ಬಾಚಿಕೊಂಡು ಜಗಲಿಯ ಮೇಲೆ ಬಂದು ಕೂತರು. ದೀಪಿಕಕ್ಕ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಅವರು ಬಹಳ ಹೊತ್ತು ನೋಡಿದರು. ಗೆರೆಗಳ ಮೇಲೆ ಬೆರಳು ಹರಿಸಿದರು.

“ಚಿನ್ನದ ಬೇರು ಬಿಟ್ಟಂಗದೆ ಕಣೇ,” ಎಂದರು.

ಕವಿತಕ್ಕ ಕಾಫಿ ಹುಯ್ದರು. ಬಟ್ಟಲು ಎತ್ತಿದ ಮಲ್ಲಿಗಮ್ಮನವರ ಹೆಬ್ಬೆರಳು ಕರೀ ಚೂರಿನ ಮೇಲೆ ನಿಂತಿತು. “ಇದ್ಯಾವ್ದೇ, ಈ ಕರೇದು?”

“ಒಂದು ಹಳೇ ಗಡಿಗೇದು ಅಜ್ಜಿ. ಕುಡಿ, ಆರೋಗುತ್ತೆ.”

ಬಟ್ಟಲು ತುಟಿಯ ಹತ್ತಿರ ಹೋಗುತ್ತಿತ್ತು. ಆ ಮನೆಯಲ್ಲಿ ಯಾರೂ ಕೇಳದೆ ನಾನಾಗಿ ಒಂದು ಮಾತು ಆಡಿದ್ದು ನೆನಪಿಲ್ಲ.

“ಅವ್ವಾ, ಅದು ನಮ್ಮನೇದು.”

ನನ್ನ ದನಿ ನನಗೇ ಕೇಳಿಸಲಿಲ್ಲ ಅಂದುಕೊಂಡೆ. ಕವಿತಕ್ಕನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತದ್ದನ್ನು ನೋಡಿದ ಮೇಲೆ, ಎಲ್ಲರಿಗೂ ಕೇಳಿಸಿದೆ ಎಂದು ತಿಳಿಯಿತು. ದೀಪಿಕಕ್ಕ ಕಣ್ಣು ಮುಚ್ಚಿಕೊಂಡಳು.

ಮಲ್ಲಿಗಮ್ಮನವರು ಬಟ್ಟಲನ್ನು ನಿಧಾನವಾಗಿ ಮಡಿಲಿಗೆ ಇಳಿಸಿದರು. ಸಿಟ್ಟು ಕಾಣಲಿಲ್ಲ. ತಮ್ಮ ಕೈಯನ್ನೇ ನೋಡುತ್ತಿದ್ದರು.

“ಕುಡುದ್ರೆ ಏನೂ ಆಗಕಿಲ್ಲ ಅಂತ ನಂಗೂ ಗೊತ್ತು ಕಣಮ್ಮಿ,” ಎಂದರು. “ಕೈ ಏಳ್ತಿಲ್ಲ.”

ಕಾಫಿಯ ಮೇಲೆ ಕೆನೆ ಕಟ್ಟಿತು.

“ಯಾವ ಗಡುಗೆ?”

“ನಮ್ಮಜ್ಜಿ ಬಾವಿ ಗಡುಗೆ ಅಂತು.”

ಮಲ್ಲಿಗಮ್ಮನವರು ತಲೆ ಎತ್ತಿದರು. “ದೇವೀರಿನ ಕರ್ಕಬಾ.”

ಕೇರಿಯವರೆಗೂ ಓಡಿದೆ. ಅಜ್ಜಿಗೆ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅದು ಅವಸರ ಮಾಡಲಿಲ್ಲ. ಸೀರೆ ಬದಲಾಯಿಸಿತು, ಮುಖ ತೊಳೆಯಿತು. “ಯೋಳ್ದಲ್ಲ, ಅಷ್ಟೇ ಬುಡು,” ಎಂದು ನನ್ನ ಬೆನ್ನು ತಟ್ಟಿ ಮುಂದೆ ನಡೆಯಿತು. ದಾರಿಯುದ್ದಕ್ಕೂ ನನಗೆ ಬಂದ ಯೋಚನೆ ಒಂದೇ, ಬಟ್ಟಲನ್ನು ವಾಪಸ್ ಕೊಟ್ಟುಬಿಡುತ್ತಾರೆ. ಅಷ್ಟು ಚಿನ್ನದ ಜೊತೆ, ಅಷ್ಟು ದಿನದ ಒದ್ದೆ ಗೋಣಿಯ ಜೊತೆ.

ನಾವು ಬಂದಾಗ ಮಲ್ಲಿಗಮ್ಮನವರು ಅಲ್ಲೇ ಕೂತಿದ್ದರು. ಆರಿದ ಕಾಫಿ ಚೆಲ್ಲಿ, ಹೊಸದಾಗಿ ಮಾಡಿಸಿ ಚೊಂಬಿನಲ್ಲಿ ಇಟ್ಟುಕೊಂಡಿದ್ದರು. ಅಜ್ಜಿ ಅಂಗಳದಲ್ಲೇ ನಿಂತಿತು.

“ಬಾ ಇಲ್ಲಿ, ಜಗ್ಲಿ ಮ್ಯಾಲೆ ಕೂತ್ಕೊ.”

“ಇಲ್ಲೇ ಚೆನ್ನಾಗದೆ ಕಣವ್ವ.”

“ಕಾಲ್ ನೋವು ಅಂತ ಊರೆಲ್ಲ ಯೋಳ್ಕಂಡು ತಿರುಗ್ತೀಯ, ಇಲ್ಲಿ ನಿಂತ್ಕತೀಯ. ಬಾ ಅಂದ್ರೆ ಬರ್ಬೇಕು.”

ಅಜ್ಜಿ ಬಂದು ಜಗಲಿಯ ತುದಿಯಲ್ಲಿ ಕೂತಿತು. ಇಬ್ಬರ ನಡುವೆ ಬಟ್ಟಲು. ಅಜ್ಜಿ ಅದನ್ನು ಮೊದಲ ಸಲ ನೋಡಿದ್ದು. ತನ್ನ ಕೋಳಿಯ ಓಡಿನ ಗುರುತು ಮೊದಲಿಗೆ ಅದಕ್ಕೆ ಹತ್ತಲಿಲ್ಲ. ಆಮೇಲೆ ಹತ್ತಿತು.

“ಮುತ್ತತ್ತಿರಾಯ,” ಎಂದಿತು. ಈ ಸಲ ನಗಲಿಲ್ಲ.

ಮಲ್ಲಿಗಮ್ಮನವರು ಅಂಗಳದಾಚೆ ಮುಚ್ಚಿಹೋದ ಬಾವಿಯ ಕಡೆ ನೋಡುತ್ತ ಹೇಳಿದರು. “ನಾನು ಈ ಮನೆಗೆ ಸೊಸೆಯಾಗಿ ಬಂದ ಒಸದ್ರಲ್ಲಿ ನಿನ್ನ ಗಡುಗೆಗೆ ನಾನೇ ಅಲ್ವೇನೇ ನೀರು ಉಯ್ತಿದ್ದದ್ದು?”

“ಊಂ ಕಣವ್ವ. ನೀವೇಯ.”

“ಬಿಂದ್ಗೆ ತಗಲ್ಬಾರ್ದು ಅಂತ ಅತ್ತೆ ನಿಂತ್ಕಂಡು ನೋಡ್ತಿತ್ತು. ಮೇಲಿಂದ ಉಯ್ತಿದ್ದೆ. ಅರ್ಧ ನೀರು ನಿನ್ನ ಸೀರೆ ಮ್ಯಾಲೇ ಬೀಳಾದು.”

“ಬ್ಯಾಸ್ಗೇಲಿ ತಣ್ಣಗಾಯ್ತಿತ್ತು ಬುಡಿ,” ಎಂದಿತು ಅಜ್ಜಿ. “ಚಳಿಗಾಲ್ದಲ್ಲಿ ನಿಮ್ಮತ್ತೇನ ಬೈಕಂಡು ಓಗ್ತಿದ್ದೆ.”

“ನನ್ನ ಬೈತಿರ್ಲಿಲ್ವಾ?”

“ನಿಮ್ಮನ್ನೂವೆ.”

ಮಲ್ಲಿಗಮ್ಮನವರು ತಲೆದೂಗಿದರು, ಬೇಕಾಗಿದ್ದ ಉತ್ತರ ಸಿಕ್ಕಿದ ಹಾಗೆ. ಚೊಂಬು ಕೈಗೆತ್ತಿಕೊಂಡರು. “ಇಡ್ಕೊ.”

ಅಜ್ಜಿ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಮೊಣಕಾಲಿನ ಕೆಳಗೆ ಇಳಿಸಿತು. ಗೊತ್ತಿದ್ದು ಮಾಡಿದ್ದಲ್ಲ, ಆ ಕೈಗೆ ಗೊತ್ತಿದ್ದದ್ದೇ ಹಾಗೆ.

“ಅಷ್ಟು ಕೆಳೀಕ್ಯಾಕೆ ಇಡೀತೀಯೆ? ನಾನೇನ್ ಬಾವಿಕಟ್ಟೆ ಮ್ಯಾಲಿದ್ದೀನಾ? ಎತ್ತು.”

ಅಜ್ಜಿ ಎತ್ತಿತು. ಚೊಂಬಿನ ಬಾಯಿ ಕರೀ ಚೂರಿನ ಅಂಚಿಗೆ ತಗುಲಿ ಟಕ್ ಎಂದಿತು. ಮಲ್ಲಿಗಮ್ಮನವರು ಅದನ್ನು ಮೇಲಕ್ಕೆ ಎಳೆದುಕೊಳ್ಳಲಿಲ್ಲ. ಅಲ್ಲೇ ಊರಿದರು. ಕಾಫಿ ಸದ್ದೇ ಇಲ್ಲದೆ ಇಳಿಯಿತು. ಒಂದು ತೊಟ್ಟೂ ಸೀರೆಗೆ ಬೀಳಲಿಲ್ಲ.

ನಾನು ಹುಳ ಹಣ್ಣಾಗಿ ನೂಲು ಬಿಡುವುದನ್ನು ನೋಡಿದ್ದೇನೆ, ಚಿನ್ನ ಒಡಕನ್ನು ಹುಡುಕಿಕೊಂಡು ಕೂರುವುದನ್ನು ನೋಡಿದ್ದೇನೆ. ಇದರ ಮುಂದೆ ಅವು ಚಿಕ್ಕವಾದವು. ಕವಿತಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಅಜ್ಜಿ ಕುಡಿಯಿತು. ಪೂರ್ತಿ ಕುಡಿದು ಬಟ್ಟಲನ್ನು ಕೆಳಗಿಟ್ಟಿತು. “ಸಕ್ರೆ ಜಾಸ್ತಿ ಆಯ್ತು ಕಣವ್ವ.”

“ಕೊಡಿ ಅತ್ತೆ, ತೊಳ್ಕಬತ್ತೀನಿ,” ಎಂದು ಕವಿತಕ್ಕ ಕೈ ಚಾಚಿದರು.

“ಏನ್ ತೊಳೀತೀಯ, ಬುಡು,” ಎಂದರು ಮಲ್ಲಿಗಮ್ಮನವರು. ಅದೇ ಬಟ್ಟಲಿಗೆ ತಮಗೆ ಹುಯ್ದುಕೊಂಡರು. ಬಟ್ಟಲು ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಅಜ್ಜಿ ಮಾತ್ರ ಬೇರೆ ಕಡೆ ತಿರುಗಿ ಬೆಕ್ಕನ್ನು ನೋಡುತ್ತಿತ್ತು, ನೋಡದೆ ಇರುವುದೇ ಮರ್ಯಾದೆ ಎಂಬಂತೆ.

ಕೈ ಎದ್ದಿತು. ಮಲ್ಲಿಗಮ್ಮನವರು ಬಟ್ಟಲನ್ನು ಆ ಕಡೆ ಈ ಕಡೆ ತಿರುಗಿಸಲಿಲ್ಲ. ತುಟಿಗೆ ಕರೀ ಚೂರೇ ಬಂತು. ಕುಡಿದರು.

“ಸಕ್ರೆ ಸರ್ಯಾಗೇ ಅದೆ,” ಎಂದರು. “ನಿನ್ನ ನಾಲ್ಗೆ ಸರ್ಯಾಗಿಲ್ಲ ದೇವೀರಿ.”

“ನಂಗೆ ಸಕ್ರೆ ಕಾಯ್ಲೆ ಕಣವ್ವ, ಡಾಕ್ಟ್ರು ಬ್ಯಾಡ ಅಂದವ್ರೆ.”

“ಮೊದ್ಲೇ ಯೋಳಕ್ಕೆ ಏನಾಗಿತ್ತೇ?”

“ನೀವು ಕೇಳಿದ್ರಾ?”

ಮಲ್ಲಿಗಮ್ಮನವರು ಇನ್ನೊಂದು ಗುಟುಕು ಕುಡಿದು, ಅರ್ಧ ಇದ್ದ ಬಟ್ಟಲನ್ನು ಜಗಲಿಯ ಮೇಲೆ ಇಟ್ಟುಕೊಂಡು, ಸೊಸೆಯ ಕಡೆ ತಿರುಗಿದರು. “ಓಗೆ, ಇವಳಿಗೆ ಸಕ್ರೆ ಆಕ್ದೆ ಬೇರೆ ಕಾಯ್ಸ್ಕಬಾ. ನಾನು ಇದ ಕುಡುದು ಮುಗಿಸ್ತೀನಿ, ಅಷ್ಟೊತ್ಗೆ ಬಟ್ಲು ಕಾಲಿ ಆಯ್ತದೆ.”